ಚೆನ್ನೈ ಮೇಳದಲ್ಲಿ ಚನ್ನಪಟ್ಟಣದ ಮರ

ಚೆನ್ನೈನ ಗಿಂಡಿಯಲ್ಲಿ, ಜಿ.ಎಸ್.ಟಿ. ರಸ್ತೆಯ ಕೈಗಾರಿಕಾ ವಸಾಹತಿನೊಳಗೆ ಒಂದು ಸರ್ಕಾರಿ ಕಚೇರಿ ಇದೆ. ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿ ಅದು, ನಾವು ಜಿಐ ಎಂದು ಕರೆಯುತ್ತೇವಲ್ಲ, ಅದರದ್ದು. ಇಡೀ ದೇಶಕ್ಕೆ ಅದೊಂದೇ. 1999ರಲ್ಲಿ ಆದ ಕಾಯ್ದೆ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಮೊದಲ ಮೊಹರು ಡಾರ್ಜಿಲಿಂಗ್ ಚಹಾಕ್ಕೆ ಬಿತ್ತು. ಅದರ ಬೆನ್ನಲ್ಲೇ ಕರ್ನಾಟಕದ ಕಡತಗಳೂ ಒಂದೊಂದಾಗಿ ಗಿಂಡಿಯ ಮೇಜು ಏರಿದವು: ಮೈಸೂರು ರೇಷ್ಮೆ, ಬಿದರಿ, ಕಸೂತಿ, ಮೈಸೂರಿನ ಬೀಟೆ ಮರದ ಕೂಡಣೆ ಕೆಲಸ, ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆ. ಚನ್ನಪಟ್ಟಣದಲ್ಲಿ ತಯಾರಾಗದ ಗೊಂಬೆಗೆ ಚನ್ನಪಟ್ಟಣದ ಹೆಸರು ಹಚ್ಚಿ ಮಾರುವಂತಿಲ್ಲ ಎಂದು ಕಾನೂನಿನ ಮಾತಿನಲ್ಲಿ ಬರೆದುಕೊಟ್ಟದ್ದು ಹೀಗೆ ಚೆನ್ನೈ ಊರು.

ಆದರೆ ಕಾಗದ ಗೊಂಬೆಯನ್ನು ಮಾರುವುದಿಲ್ಲ. ಅದನ್ನು ಮಾರಬೇಕಾದವರು ಕಡೆದ ಕೈಯವರೇ. ಅವರು ಅದೇ ಊರಿನ ಯಾವುದೋ ಮೈದಾನದಲ್ಲಿ, ಆರಡಿ ಮೇಜಿನ ಹಿಂದೆ ನಿಂತು, ತಮಗೆ ಅರ್ಧಂಬರ್ಧ ಬರುವ ತಮಿಳಿನಲ್ಲಿ ಆ ಕೆಲಸ ಮಾಡಬೇಕು. ಇವತ್ತಿನ ಮಾತು ಆ ಮೇಜಿನ ಕುರಿತದ್ದು.

ಚನ್ನಪಟ್ಟಣದಿಂದ ಚೆನ್ನೈಗೆ ಸುಮಾರು 400 ಕಿಲೋಮೀಟರ್. ಬೆಂಗಳೂರು ದಾಟಿ, ಹೊಸೂರಿನಲ್ಲಿ ತಮಿಳುನಾಡನ್ನು ಹೊಕ್ಕು, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರದ ಕಡೆಯಿಂದ ಇಳಿಯುವ ದಾರಿ. ಗೊಂಬೆಯ ಪೆಟ್ಟಿಗೆಗಳು ಹೊರಡುವುದಕ್ಕೆ ಮುಂಚೆ ಕಾಗದಗಳು ಸಿದ್ಧವಾಗಬೇಕು. ಜಿ.ಎಸ್.ಟಿ. ತೆರಿಗೆ ನಿಯಮದ ಪ್ರಕಾರ ಹೊರರಾಜ್ಯದ ಮೇಳಕ್ಕೆ ಹೋಗಿ ಮಾರುವವರು ಅಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಬೇಕು. ಕೈಕಸುಬಿನವರಿಗೆ 2017ರಲ್ಲೇ ಇದರಿಂದ ವಿನಾಯಿತಿ ಸಿಕ್ಕಿತು. ವರ್ಷದ ವಹಿವಾಟು 20 ಲಕ್ಷ ರೂಪಾಯಿಯ ಮಿತಿಯೊಳಗಿದ್ದು, ಸರಕು ಸರ್ಕಾರದ ಕರಕುಶಲ ಪಟ್ಟಿಯಲ್ಲಿದ್ದರೆ ನೋಂದಣಿ ಬೇಡ. ಮರ ಕಡೆದು ಅರಗು ಹಚ್ಚಿದ ವಸ್ತು ಆ ಪಟ್ಟಿಯಲ್ಲಿ ಇದೆ. ಆದರೆ ವಿನಾಯಿತಿಯ ಜೊತೆಗೆ ಷರತ್ತುಗಳೂ ಇವೆ. ಪ್ಯಾನ್ ಬೇಕು, ಇ-ವೇ ಬಿಲ್ಲೂ ಬೇಕು. ಬೇರೆ ಸರಕಿಗೆ ಇಂತಿಷ್ಟು ಬೆಲೆ ದಾಟಿದ ಮೇಲೆ ಮಾತ್ರ ಆ ಬಿಲ್ಲು. ಹೀಗೆ ವಿನಾಯಿತಿ ಪಡೆದು ರಾಜ್ಯದ ಗಡಿ ದಾಟಿಸುವ ಕೈಕಸುಬಿನ ಸರಕಿಗೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಕೇ ಬೇಕು. ಒಂದು ಚೀಲ ಬುಗುರಿ ಒಯ್ಯುವವರೂ ಅದನ್ನು ಮಾಡಿಸಿಕೊಳ್ಳಬೇಕಾಗುತ್ತದೆ. ಇದು ಗೊತ್ತಿಲ್ಲದೆ ಹೊರಟವರಿಗೆ ದಾರಿಯಲ್ಲಿ ತೊಂದರೆ ತಪ್ಪಿದ್ದಲ್ಲ. ಉಳಿ ಹಿಡಿದು ಬೆಳೆದವರಿಗೆ ಈ ಲೆಕ್ಕವನ್ನು ಊರಲ್ಲೇ ಕೂರಿಸಿ ಹೇಳಿಕೊಡುವ ವ್ಯವಸ್ಥೆ ಇನ್ನೂ ಗಟ್ಟಿಯಾಗಬೇಕು. ಮೇಳದಲ್ಲಿ ಮಳಿಗೆ ಹಂಚುವುದಕ್ಕಿಂತ ಅದು ದೊಡ್ಡ ಉಪಕಾರ.

ಇನ್ನೊಂದು ಕಾಗದ 'ಪೆಹಚಾನ್' ಕಾರ್ಡು. ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಗುರುತು ಚೀಟಿ ಇದು. ಗಾಂಧಿ ಶಿಲ್ಪ ಬಜಾರ್‌ನಂಥ ಸರ್ಕಾರಿ ಮೇಳಗಳಲ್ಲಿ ಮಳಿಗೆ ಸಿಗಬೇಕಾದರೆ ಇದನ್ನೇ ಮೊದಲು ಕೇಳುತ್ತಾರೆ.

ಚೆನ್ನೈನಲ್ಲಿ ಕೈಕಸುಬಿನ ಸರಕಿಗೆ ಜಾಗಗಳು ಹಲವು. ಅಣ್ಣಾ ಸಾಲೈನಲ್ಲಿ ತಮಿಳುನಾಡು ಸರ್ಕಾರದ 'ಪೂಂಪುಹಾರ್' ಮಳಿಗೆ ಇದೆ. ನವರಾತ್ರಿಗೆ ಮುನ್ನ ಅಲ್ಲಿ ನಡೆಯುವ ಗೊಂಬೆ ಪ್ರದರ್ಶನಕ್ಕೆ ಊರಿಗೆ ಊರೇ ಬರುತ್ತದೆ. ಪೊಂಗಲ್ ಆಚೀಚೆ ದ್ವೀಪ ಮೈದಾನದಲ್ಲಿ ದೊಡ್ಡ ಪ್ರವಾಸಿ ಮತ್ತು ಕೈಗಾರಿಕಾ ಮೇಳ ನಡೆಯುತ್ತದೆ. ಇವೆಲ್ಲಕ್ಕಿಂತ ಬೇರೆಯದೇ ಜಾಗ ಮುಟ್ಟುಕಾಡಿನ 'ದಕ್ಷಿಣಚಿತ್ರ'. ಪೂರ್ವ ಕರಾವಳಿ ರಸ್ತೆಯಲ್ಲಿ, ಊರಿನಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಆಚೆ ಇದೆ. ಡೆಬೊರಾ ತ್ಯಾಗರಾಜನ್ ಅವರು 1984ರಲ್ಲಿ ಕಟ್ಟಿದ ಮದ್ರಾಸ್ ಕ್ರಾಫ್ಟ್ ಫೌಂಡೇಷನ್ ಇದನ್ನು ರೂಪಿಸಿ 1996ರ ಡಿಸೆಂಬರಿನಲ್ಲಿ ತೆರೆಯಿತು. ದಕ್ಷಿಣದ ಊರುಗಳಲ್ಲಿ ಉರುಳಲಿದ್ದ ಹಳೆಯ ಮನೆಗಳನ್ನು ಕಂಬ ಕಂಬವಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಕರ್ನಾಟಕದ ಭಾಗದಲ್ಲಿ ಇಳಕಲ್ಲಿನ ನೇಕಾರರ ಮನೆ ಇದೆ, ಚಿಕ್ಕಮಗಳೂರಿನ ಮನೆಯೂ ಇದೆ. ಕಸುಬುದಾರರು ಕೂತು ಕೆಲಸ ಮಾಡುತ್ತಲೇ ಮಾರುವ ಪದ್ಧತಿ ಇಲ್ಲಿನದು.

ಕೂತು ಕೆಲಸ ಮಾಡುತ್ತಲೇ ಮಾರುವುದು ಎಂದೆವಲ್ಲ, ವ್ಯಾಪಾರದ ಗುಟ್ಟೆಲ್ಲ ಅದರಲ್ಲೇ ಇದೆ.

ಗೊಂಬೆಗಳನ್ನು ಸಾಲಾಗಿ ಜೋಡಿಸಿಟ್ಟ ಮಳಿಗೆಯ ಮುಂದೆ ಜನ ನಡೆಯುತ್ತಲೇ ನೋಡುತ್ತಾರೆ. ಲೇತು ತಿರುಗುವ ಮಳಿಗೆಯ ಮುಂದೆ ನಿಲ್ಲುತ್ತಾರೆ. ಒಂದು ತುಂಡು ಬಿಳಿ ಮರ ಸುತ್ತುತ್ತದೆ, ಉಳಿ ತಾಗುತ್ತದೆ, ಸಿಪ್ಪೆ ಎಳೆ ಎಳೆಯಾಗಿ ಹಾರಿ ಬೀಳುತ್ತದೆ. ನೋಡನೋಡುತ್ತ ಸೊಂಟ ಮೂಡುತ್ತದೆ, ತಲೆ ದುಂಡಗಾಗುತ್ತದೆ. ಆಮೇಲೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಬೆಂಕಿ ಇಲ್ಲ, ಕುಂಚ ಇಲ್ಲ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಹತ್ತುತ್ತದೆ. ಕೊನೆಗೆ ಒಣಗಿದ ಗರಿಯೊಂದನ್ನು ಮಡಿಚಿ ಒತ್ತಿ ಹಿಡಿದರೆ, ಮಂಕಾಗಿದ್ದ ಬಣ್ಣ ಕ್ಷಣದಲ್ಲಿ ಮಿಂಚುತ್ತದೆ. ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ಅವರ ಹಿಂದೆ ನಿಂತ ಅಪ್ಪ ಅಮ್ಮ ಅಷ್ಟು ಹೊತ್ತಿಗೆ ಬೆಲೆ ಕೇಳುವ ದನಿಯನ್ನೇ ಬದಲಿಸಿರುತ್ತಾರೆ.

ಈ ಕೆಲಸಕ್ಕೆ ಒಗ್ಗಿದ ಮರ ಆಲೆ ಮರ. ಹಾಲಿನಂಥ ಬಿಳುಪು, ಒತ್ತಾದ ನವಿರು ಎಳೆ, ಉಳಿಗೆ ಸುಲಭವಾಗಿ ಬಗ್ಗುವ ಗುಣ. ಹಸಿಯಾಗಿ ಕಡೆದರೆ ಆಮೇಲೆ ಸೀಳುತ್ತದೆ. ಎರಡು ಮೂರು ತಿಂಗಳಾದರೂ ಒಣಗಬೇಕು. ತಮಿಳುನಾಡಿನ ಗಿರಾಕಿಗಳಿಗೆ ಈ ಮರ ಅಪರಿಚಿತವೇನಲ್ಲ. ಅವರು ಅದನ್ನು ವೆಟ್ಪಾಲೈ ಎಂದು ಬಲ್ಲರು. ಅದರ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ಎಣ್ಣೆ ದಟ್ಟ ನೇರಳೆಗೆ ತಿರುಗುತ್ತದೆ. ಚರ್ಮದ ರೋಗಕ್ಕೆ ಸಿದ್ಧ ವೈದ್ಯರು ಕೊಡುವ ತೈಲ ಅದೇ. "ನಿಮ್ಮ ತೈಲದ ಮರವೇ ನಮ್ಮ ಗೊಂಬೆಯ ಮರ" ಎಂದು ಮಳಿಗೆಯವರು ಹೇಳಿದರೆ ಸಾಕು, ಚೆನ್ನೈನ ಅಜ್ಜಿಯೊಬ್ಬಳು ಗೊಂಬೆಯನ್ನು ಕೈಗೆತ್ತಿಕೊಂಡು ಮೂಸಿ ನೋಡುತ್ತಾಳೆ. ಇಂಥ ಮಾತು ಗಿರಾಕಿಯನ್ನು ಮರುಳು ಮಾಡುವ ಜಾಣತನ ಅಲ್ಲ. ತನ್ನ ಸರಕನ್ನು ತಾನು ಬಲ್ಲವರ ಮಾತು.

ಚನ್ನಪಟ್ಟಣಕ್ಕೆ ಈ ವಿದ್ಯೆ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, ಪರ್ಷಿಯಾದ ಕುಶಲಿಗಳಿಂದ ಎಂಬುದು ಊರವರ ನಂಬಿಕೆ. 20ನೇ ಶತಮಾನದ ಮೊದಲ ಭಾಗದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ಕ್ರಮವನ್ನು ಅರಿತು ತಂದು ಇಲ್ಲಿಯವರಿಗೆ ಕಲಿಸಿದರು. ಚನ್ನಪಟ್ಟಣದ ಗೊಂಬೆಯ ತಂದೆ ಎಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಜಪಾನಿನಲ್ಲಿ ಲೇತಿನಲ್ಲಿ ಕಡೆಯುವ ಕೊಕೇಶಿ ಗೊಂಬೆಗೂ ನಮ್ಮ ಗೊಂಬೆಗೂ ದುಂಡು ತಲೆ, ಕಂಬದಂಥ ಮೈ ಹೋಲುವುದನ್ನು ಯಾರಾದರೂ ಗಮನಿಸಬಹುದು. ಈಗಲೂ ಕಸುಬಿನ ಮನೆಗಳಲ್ಲಿ ಹೆಚ್ಚಿನವು ಮುಸ್ಲಿಂ ಮನೆಗಳು. ಆ ಕೈಗಳಲ್ಲಿ ರೂಪುಗೊಂಡ ಗೊಂಬೆಗಳು ಚೆನ್ನೈನ ನವರಾತ್ರಿಯ ಗೊಂಬೆ ಮೆಟ್ಟಿಲಿನ ಬಳಿ ಕೂರುತ್ತವೆ. ದೇಶ ಒಟ್ಟಾಗಿ ಬಾಳುವುದು ಎಂದರೆ ಏನೆಂದು ತಿಳಿಯಬೇಕಾದವರು ಇದನ್ನೊಮ್ಮೆ ನೋಡಬೇಕು.

ನವರಾತ್ರಿಯ ವಿಷಯಕ್ಕೆ ಬಂದೆವು. ಚೆನ್ನೈ ಮಾರುಕಟ್ಟೆಯ ಜೀವ ಅಲ್ಲೇ ಇದೆ. ಮೈಸೂರು ಸೀಮೆಯಲ್ಲಿ ಗೊಂಬೆ ಕೂರಿಸುವುದು ಎನ್ನುವ ಹಬ್ಬವೇ ಅಲ್ಲಿ ಕೊಲು. ನಮ್ಮಲ್ಲಿ ಮದುಮಗಳಿಗೆ ತವರಿನಿಂದ ಪಟ್ಟದ ಗೊಂಬೆ ಕೊಡುವಂತೆ ಅಲ್ಲಿ ಮರಪಾಚಿ ಜೋಡಿ ಕೊಡುತ್ತಾರೆ. ಎರಡೂ ರಕ್ತಚಂದನದ ರಾಜ ರಾಣಿಯರೇ. ಉಳಿದ ಮೆಟ್ಟಿಲುಗಳನ್ನು ತುಂಬುವುದು ಹೆಚ್ಚಾಗಿ ಮಣ್ಣಿನ ಮತ್ತು ಕಾಗದದ ತಿರುಳಿನ ಗೊಂಬೆಗಳು. ಚೆನ್ನೈನ ಕೊಸಪೇಟೆಯ ಕುಂಬಾರರು, ಪನ್ರುಟ್ಟಿಯ ಕಲಾವಿದರು ಅವನ್ನು ಮಾಡುತ್ತಾರೆ. ನವರಾತ್ರಿಗೆ ವಾರಗಳ ಮೊದಲೇ ಮೈಲಾಪುರದ ಉತ್ತರ ಮಾಡ ಬೀದಿಯ ಅಂಚಿನಲ್ಲಿ ಸಾಲು ಸಾಲು ಅಂಗಡಿ ಏಳುತ್ತವೆ. ಅವರ ಜೊತೆ ಪೈಪೋಟಿಗೆ ಚನ್ನಪಟ್ಟಣದವರು ಇಳಿಯಬೇಕಾಗಿಲ್ಲ, ಇಳಿಯಲೂಬಾರದು. ದೇವರ ಗೊಂಬೆ ಅವರದಾಗಲಿ. ಮೆಟ್ಟಿಲಿನ ಕೆಳಗೆ ನೆಲದ ಮೇಲೆ ಮಕ್ಕಳು ಊರು, ಉದ್ಯಾನ, ಮದುವೆ ಮೆರವಣಿಗೆ, ರೈಲು ನಿಲ್ದಾಣ ಎಂದು ಕಟ್ಟುತ್ತಾರಲ್ಲ, ಆ ಜಾಗ ಅರಗಿನ ಗೊಂಬೆಗೆ ಹೇಳಿ ಮಾಡಿಸಿದ್ದು. ಬಣ್ಣದ ಮರಗಳು, ವಾಲಗದವರು, ಎತ್ತಿನ ಗಾಡಿ, ತರಕಾರಿ ಬುಟ್ಟಿ. ಮಕ್ಕಳ ಕೈಯಿಂದ ಬಿದ್ದರೆ ಮಣ್ಣಿನದು ಒಡೆಯುತ್ತದೆ, ಇದು ಉರುಳುತ್ತದೆ.

ಇನ್ನೊಂದು ಬೇಡಿಕೆ ಚೊಪ್ಪು ಸಾಮಾನಿನದು. ಪುಟ್ಟ ಒರಳು, ಬೀಸುಕಲ್ಲು, ಒಲೆ, ಬಿಂದಿಗೆ, ಕಾಫಿ ಫಿಲ್ಟರು ಎಲ್ಲ ಇರುವ ಅಡುಗೆ ಆಟದ ಗಂಟು. ತಿರುನೆಲ್ವೇಲಿ ಜಿಲ್ಲೆಯ ಅಂಬಾಸಮುದ್ರ ಇದಕ್ಕೆ ಹೆಸರಾದ ಊರು. ಚೆನ್ನೈನ ಹೆಂಗಸರು ಬಾಲ್ಯದ ನೆನಪಿನಿಂದ ಅದನ್ನು ಹುಡುಕುತ್ತಾರೆ. ಅದೂ ಲೇತಿನ ಕೆಲಸವೇ. ಗಿರಾಕಿ ಕೇಳಿದ್ದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು ಊರಿಗೆ ಮರಳುವ ಕಸುಬುದಾರನಿಗೆ ಮುಂದಿನ ವರ್ಷದ ಮೇಳ ಬೇರೆಯೇ ಆಗಿರುತ್ತದೆ. ಎಲ್ಲ ಊರಿಗೂ ಒಂದೇ ಪೆಟ್ಟಿಗೆ ಒಯ್ಯುವವರು ಬಹುಭಾಗವನ್ನು ಹಾಗೆಯೇ ಹಿಂದಕ್ಕೆ ಹೊರಬೇಕಾಗುತ್ತದೆ.

ಬೆಲೆಯ ಮಾತು ಕಷ್ಟದ್ದು. ಕಾರ್ಖಾನೆಯಲ್ಲಿ ಅಚ್ಚು ಹೊಡೆದ ಪ್ಲಾಸ್ಟಿಕ್ ಕಾರು ಪಕ್ಕದ ಬೀದಿಯಲ್ಲಿ ಇದರ ಕಾಲು ಬೆಲೆಗೆ ಸಿಗುವಾಗ, ಮರದ ಕಾರು ಯಾಕೆ ಇಷ್ಟು ಎಂದು ಗಿರಾಕಿ ಕೇಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಕೊಡದೆ ಮುಖ ಗಂಟಿಕ್ಕುವುದು ತಪ್ಪು, ಕೇಳಿದ ಕೂಡಲೇ ಬೆಲೆ ಇಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ಮರ, ಅದು ಒಣಗಿದ ತಿಂಗಳುಗಳು, ಅರಗು, ವಿದ್ಯುತ್ತು, ಸೀಳಿ ಹಾಳಾದ ತುಂಡುಗಳು, ಬಾಡಿಗೆ ಗಾಡಿ, ಮಳಿಗೆಯ ಬಾಡಿಗೆ, ಮೇಳದ ಅಷ್ಟೂ ದಿನ ಊರಲ್ಲಿ ನಿಂತುಹೋದ ಕೆಲಸ, ಇವೆಲ್ಲ ಆ ಬೆಲೆಯೊಳಗೆ ಇವೆ. ಹೆಚ್ಚಿನ ಕಸುಬುದಾರರು ಕೊನೆಯದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹತ್ತು ದಿನ ಮೇಳದಲ್ಲಿ ನಿಂತು ಮಾರಿದ ದುಡ್ಡನ್ನು ಲಾಭ ಅಂದುಕೊಳ್ಳುತ್ತಾರೆ. ಆ ಹತ್ತು ದಿನದ ತಮ್ಮ ಕೂಲಿಯನ್ನು ಕಳೆದರೆ ಉಳಿಯುವುದೆಷ್ಟು ಎಂದು ನೋಡುವುದಿಲ್ಲ. ಕೊಳ್ಳುವವರು ಚೌಕಾಸಿಗೆ ಬಾಯಿ ತೆರೆಯುವ ಮೊದಲು ಇದನ್ನು ನೆನೆಯಬೇಕು. ಹವಾನಿಯಂತ್ರಿತ ಅಂಗಡಿಯಲ್ಲಿ ಚೀಟಿ ನೋಡಿ ತುಟಿ ಬಿಚ್ಚದೆ ದುಡ್ಡು ಕೊಡುವ ನಾವೇ ಮೇಳದಲ್ಲಿ ಐವತ್ತು ರೂಪಾಯಿಗೆ ಜಗ್ಗಾಡುವುದು ನ್ಯಾಯ ಅಲ್ಲ.

ಹಾಗೆಂದು ಕೊಳ್ಳುವವರು ಕಣ್ಣು ಮುಚ್ಚಿ ಕೊಳ್ಳಬೇಕೆಂದಲ್ಲ. ಹಸುಗೂಸಿಗೆ ಗಿಲಕಿ ಕೊಳ್ಳುವ ತಾಯಿ "ಮಗು ಬಾಯಿಗಿಟ್ಟರೆ?" ಎಂದು ಕೇಳಿಯೇ ಕೇಳುತ್ತಾಳೆ, ಕೇಳಲೇಬೇಕು. ಅರಗು ಕೀಟದಿಂದ ಸಿಗುವ ಸಹಜ ವಸ್ತು. ಅದಕ್ಕೆ ಅರಿಶಿನದಂಥ ಸಸ್ಯದ ಬಣ್ಣ ಕಲಸುವವರು ಇದ್ದಾರೆ, ರಾಸಾಯನಿಕ ಬಣ್ಣ ಬಳಸುವವರೂ ಇದ್ದಾರೆ. ಆಲೆ ಮರದ ಬದಲು ರಬ್ಬರ್ ಮರ ಬಳಸುವುದೂ ಉಂಟು. ಯಾವುದು ಯಾವುದೆಂದು ಮುಚ್ಚುಮರೆಯಿಲ್ಲದೆ ಹೇಳುವ ಮಳಿಗೆಯನ್ನೇ ನಂಬಬೇಕು. ಕಣ್ಣಿನಲ್ಲೇ ಗುರುತಿಸಬಹುದಾದ ಸಂಗತಿಯೂ ಒಂದಿದೆ. ಲೇತಿನಲ್ಲಿ ಅರಗು ಹತ್ತುವುದು ತಿರುಗುವ ದುಂಡು ಮೈಗೆ ಮಾತ್ರ. ಬಣ್ಣದ ಪಟ್ಟೆಗಳ ಅಂಚು ನೇರವಾಗಿ ಸುತ್ತಿ ಬಂದಿರುತ್ತದೆ, ಕುಂಚದ ಗೆರೆ ಕಾಣುವುದಿಲ್ಲ, ಉಗುರಿನಲ್ಲಿ ಕೆರೆದರೆ ಸುಲಭಕ್ಕೆ ಏಳುವುದಿಲ್ಲ. ಚಪ್ಪಟೆ ಹಲಗೆ ಕತ್ತರಿಸಿ ಮಾಡಿದ ಆನೆಗೋ ಒಗಟಿನ ತುಂಡಿಗೋ ಬಳಿದದ್ದು ಬೇರೆ ಬಣ್ಣ. ಅದು ಕೆಟ್ಟದ್ದೆಂದಲ್ಲ, ಆದರೆ ಅದನ್ನು ಅರಗಿನ ಕೆಲಸ ಎಂದು ಮಾರಬಾರದು.

ಕರಾವಳಿ ಊರಿನ ಹವೆ ಬೇರೆ ತಂಟೆ ತರುತ್ತದೆ. ಒಣ ಹವೆಯಲ್ಲಿ ಕಡೆದ ಮರ ಸಮುದ್ರದ ತೇವ ಕುಡಿದು ತುಸು ಉಬ್ಬುತ್ತದೆ. ಊರಲ್ಲಿ ಸಲೀಸಾಗಿ ತೆರೆಯುತ್ತಿದ್ದ ಕುಂಕುಮ ಭರಣಿಯ ಮುಚ್ಚಳ ಚೆನ್ನೈನಲ್ಲಿ ಬಿಗಿಯುತ್ತದೆ, ಗಾಡಿಯ ಚಕ್ರ ತಿರುಗಲು ಹಟ ಮಾಡುತ್ತದೆ. ಅನುಭವಿಗಳು ಕರಾವಳಿಗೆ ಹೋಗುವ ಸರಕಿನ ಮುಚ್ಚಳವನ್ನು ಒಂದು ಕೂದಲಿನಷ್ಟು ಸಡಿಲ ಬಿಡುತ್ತಾರೆ. ಇನ್ನು ಅರಗು ಬಿಸಿಗೆ ಮೆತ್ತಗಾಗುವ ವಸ್ತು. ಚೆನ್ನೈನ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗೊಂಬೆ ಬಿಡಬೇಡಿ ಎಂದು ಗಿರಾಕಿಗೆ ಹೇಳಿ ಕಳಿಸುವುದು ಒಳ್ಳೆಯದು.

ಈಗ ಗಿಂಡಿಯ ಮೊಹರು ಮಾಡಿದ ಒಂದು ದೊಡ್ಡ ಉಪಕಾರವನ್ನು ಹೇಳಬೇಕು. 2020ರ ಫೆಬ್ರವರಿಯಲ್ಲಿ ಸರ್ಕಾರ ಹೊರದೇಶದ ಆಟಿಕೆಗಳ ಮೇಲಿನ ಸುಂಕವನ್ನು ನೂರಕ್ಕೆ 20ರಿಂದ 60ಕ್ಕೆ ಏರಿಸಿತು. 2023ರಲ್ಲಿ 70ಕ್ಕೆ ಒಯ್ದಿತು. ಅಗ್ಗದ ಚೀನಾ ಆಟಿಕೆಗಳ ಹೊಡೆತದಿಂದ ನಲುಗಿದ್ದ ಕಸುಬಿಗೆ ಇದು ಉಸಿರು ಕೊಟ್ಟಿತು. ಜೊತೆಯಲ್ಲೇ ಬಂದ ಇನ್ನೊಂದು ಆಜ್ಞೆ ಕಸುಬನ್ನೇ ನುಂಗಬಹುದಿತ್ತು: 2021ರ ಜನವರಿ 1ರಿಂದ ಪ್ರತಿ ಆಟಿಕೆಗೂ ಐ.ಎಸ್.ಐ. ಗುರುತು ಕಡ್ಡಾಯ. ಪ್ರಯೋಗಾಲಯದ ಪರೀಕ್ಷೆ, ಪರವಾನಗಿ, ಶುಲ್ಕ, ಇವನ್ನೆಲ್ಲ ಮನೆಯಂಗಳದ ಲೇತು ಹೇಗೆ ಹೊರುತ್ತದೆ? ಆ ದಿನ ಬರುವ ಮುಂಚೆ, 2020ರ ಡಿಸೆಂಬರಿನಲ್ಲಿ, ತಿದ್ದುಪಡಿ ಬಂತು. ಕರಕುಶಲ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗೂ, ಜಿಐ ನೋಂದಣಿಯ ಅಧಿಕೃತ ಬಳಕೆದಾರರು ಮಾಡುವ ಆಟಿಕೆಗೂ ವಿನಾಯಿತಿ ಸಿಕ್ಕಿತು. ಅಂದಿನಿಂದ ಆ ಮೊಹರು ಗೋಡೆಗೆ ತೂಗುಹಾಕುವ ಚಿತ್ರಪಟವಾಗಿ ಉಳಿಯಲಿಲ್ಲ. ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ಹೆಸರು ಸೇರಿಸದ ಪ್ರತಿ ಮನೆಯೂ ಈಗಲಾದರೂ ಸೇರಿಸಬೇಕು.

ಮೇಳ ಎಂಬ ಈ ಏರ್ಪಾಡಿನ ಹಿಂದೆ ಕನ್ನಡ ನೆಲದ ಒಬ್ಬ ಮಹಿಳೆ ನಿಂತಿದ್ದಾರೆ. ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದೊಳಗಿತ್ತು. 1926ರಲ್ಲಿ ಅವರು ಮದ್ರಾಸ್ ಶಾಸನ ಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಶೇರುಪೇಟೆಗೇ ನುಗ್ಗಿ ಕಾನೂನು ಮುರಿದು ಮಾಡಿದ ಉಪ್ಪಿನ ಪೊಟ್ಟಣ ಮಾರಿದವರು ಅವರು. ಕೈಯಿಂದ ಮಾಡಿದ್ದಕ್ಕೆ ಬೆಲೆ ಹೇಳುವ ಧೈರ್ಯ ಅಂಥದ್ದು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಬೆನ್ನು ಹತ್ತದೆ ಕುಂಬಾರ, ನೇಕಾರ, ಬಡಗಿಯರ ಹಿಂದೆ ಹೋದರು. 1952ರಲ್ಲಿ ಆದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಊರೂರು ಅಲೆದರು. 1964ರಲ್ಲಿ ಭಾರತ ಕರಕುಶಲ ಪರಿಷತ್ತನ್ನು ಕಟ್ಟಿದರು. ಅದರ ಕೇಂದ್ರ ಕಚೇರಿ ಇರುವುದು ಚೆನ್ನೈನಲ್ಲೇ. 2022ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ನಾಡಿನ ಕೈಕಸುಬುಗಳನ್ನು ತೋರಿಸಿದಾಗ ಚನ್ನಪಟ್ಟಣದ ಗೊಂಬೆಗಳ ಜೊತೆ ಅವರ ಪ್ರತಿಮೆಯನ್ನೂ ಇಟ್ಟದ್ದು ಸರಿಯಾದ ಗೌರವ.

ಚನ್ನಪಟ್ಟಣವೊಂದೇ ಅಲ್ಲ, ನಮ್ಮ ಇತರ ಮರದ ಕೆಲಸಗಳೂ ಈ ಮೇಳಗಳಿಗೆ ಬರುತ್ತವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ ಹುಣಿಸೆ ಬೀಜದ ಅಂಟು ಹಚ್ಚಿ ಬಣ್ಣ ತುಂಬುವ ದೇವರ ಗೊಂಬೆಗಳು ಕೊಲು ಇಡುವವರಿಗೆ ಇನ್ನೂ ಸರಿಯಾಗಿ ಪರಿಚಯವಾಗಿಲ್ಲ, ಆಗಬೇಕು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ದುಬಾರಿ, ನೋಡುವವರು ನೂರು, ಕೊಳ್ಳುವವರು ಒಬ್ಬರು. ಮೈಸೂರಿನ ಬೀಟೆ ಮರದ ಕೂಡಣೆ ಫಲಕ ಹೊರದೇಶಕ್ಕೆ ಹೋಗಬೇಕಾದರೆ ತೊಡಕು ಹೆಚ್ಚು. ಬೀಟೆಯ ಇಡೀ ಕುಲ 2017ರಿಂದ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿದೆ. ಅದರ ಮುಂದೆ ಆಲೆ ಮರದ ಗೊಂಬೆ ಹಗುರ, ಅಗ್ಗ, ಚೀಲದೊಳಗೆ ಹಿಡಿಯುವಂಥದ್ದು. 2010ರ ನವೆಂಬರಿನಲ್ಲಿ ದೆಹಲಿಯ ಕರಕುಶಲ ಸಂಗ್ರಹಾಲಯಕ್ಕೆ ಬಂದ ಮಿಷೆಲ್ ಒಬಾಮ ಚನ್ನಪಟ್ಟಣದ ಗೊಂಬೆಗಳನ್ನು ಕೊಂಡದ್ದು ಊರಿಗೆ ಹೆಮ್ಮೆಯ ಸುದ್ದಿಯಾಗಿತ್ತು. ಆದರೆ ಊರಿನ ಲೇತುಗಳು ವರ್ಷವಿಡೀ ತಿರುಗಬೇಕಾದರೆ ಬೇಕಾದವರು ಪ್ರತಿ ನವರಾತ್ರಿಗೂ ಒಂದೆರಡು ಗೊಂಬೆ ಕೂಡಿಸಿಕೊಳ್ಳುವ ಮೈಲಾಪುರದ, ಮಾಂಬಲದ, ಅಡಯಾರಿನ ಸಾಮಾನ್ಯ ಮನೆಗಳು.

ಚೆನ್ನೈನಲ್ಲಿರುವ ಕನ್ನಡಿಗರು ಈ ವ್ಯಾಪಾರದಲ್ಲಿ ಮಾಡಬಹುದಾದ ಸಹಾಯ ಬಹಳ. ಊರಿನಿಂದ ಬಂದವರ ಮಳಿಗೆಯಲ್ಲಿ ಒಂದು ಸಂಜೆ ಕೂತು ತಮಿಳಿನಲ್ಲಿ ಗಿರಾಕಿಗೆ ಉತ್ತರ ಹೇಳಬಹುದು. ಮಳಿಗೆಯ ಮುಂದೆ ತಮಿಳಿನಲ್ಲಿ ಎರಡು ಸಾಲಿನ ಫಲಕ ಬರೆದುಕೊಡಬಹುದು: ಮರ ಯಾವುದು, ಬಣ್ಣ ಯಾವುದು, ಮಾಡಿದ ಊರು ಯಾವುದು. ಕೊಲುವಿಗೆ ಬೇಕಾದ ಗೊಂಬೆಗಳ ಅಳತೆ ಹೇಳಿ ನಾಲ್ಕು ಮನೆಯವರು ಕೂಡಿ ಮುಂಗಡ ಕೊಡಬಹುದು. ಮುಂಗಡ ಕೊಡುವವರು ಒಂದನ್ನು ಮಾತ್ರ ಮರೆಯಬಾರದು. ನವರಾತ್ರಿ ಬರುವುದು ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ. ಮರ ಒಣಗಲು ಎರಡು ಮೂರು ತಿಂಗಳು, ಕಡೆದು ಬಣ್ಣ ಹಾಕಲು ಕೆಲವು ವಾರ, ದಾರಿಯ ದಿನಗಳು ಬೇರೆ. ಆಷಾಢದಲ್ಲಿ ಕೇಳಿದರೆ ಬಂದದ್ದನ್ನು ಕೊಳ್ಳಬೇಕಾಗುತ್ತದೆ. ವೈಶಾಖದಲ್ಲೇ ಹೇಳಿದರೆ ಬೇಕಾದ ಅಳತೆಯ, ಚೆನ್ನಾಗಿ ಒಣಗಿದ ಆಲೆ ಮರದ ಗೊಂಬೆ ಮಹಾಲಯ ಅಮಾವಾಸ್ಯೆಗೆ ಮುಂಚೆ ಚೆನ್ನೈ ಸೇರುತ್ತದೆ.